ಹೇಸುವವರಿಗೆ ಹೆಸರಿಲ್ಲ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಅಕ್ಕ ಹಿತ್ತಿಲ ಕಲ್ಲಿನ ಮೇಲೆ ಬೋಟಿ ತೊಳೆಯಲು ಕೂತಿದ್ದಳು. ಪಕ್ಕದಲ್ಲಿ ಹಂಡೆಯಿಂದ ತೋಡಿಕೊಂಡ ಬಿಸಿನೀರು, ಬಾಳೆಎಲೆಯ ಚೂರಿನ ಮೇಲೆ ಸುಣ್ಣ, ಅರಿಶಿನ. ಹೊಸ್ತಿಲ ಒಳಗೆ, ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಮಗಳು. ಅಕ್ಕ 32 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಮಗಳದು ಅನುವಾದದ ಕೆಲಸ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬದವರಿಗಾಗಿ ಇಂಗ್ಲಿಷಿನಲ್ಲಿ ಬರೆದ ಒಂದು ಕೈಪಿಡಿ ಅವಳ ಮುಂದಿತ್ತು. ನಾನು ಇಬ್ಬರ ನಡುವೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಒಂದು ಪದದಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ನೆನಪಿದ್ದಷ್ಟನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ಕೂತು ನಾನು ಆಡದೇ ಉಳಿಸಿಕೊಂಡ ಮಾತುಗಳೂ ಒಂದೆರಡು ನಡುವೆ ಸೇರಿಕೊಂಡಿವೆ.

ಹುಡುಗಿ: ದೊಡ್ಡಮ್ಮ, ಒಂದು ಪದ ಬೇಕಾಗಿತ್ತು. ಹುಣ್ಣು, ಕೀವು, ವಾಂತಿ ಇಂಥದ್ದನ್ನ ಕಂಡ ಕೂಡಲೆ ಹೇಸಿಗೆಯಾಗುತ್ತಲ್ಲ, ಅಂಥವರನ್ನ ಕನ್ನಡದಲ್ಲಿ ಏನಂತಾರೆ? ಇಂಗ್ಲಿಷಿನಲ್ಲಿ ಸ್ಕ್ವೀಮಿಶ್ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದಾರೆ. ‘ಸ್ಕ್ವೀಮಿಶ್ ಆದವರು ಗಾಯದ ಬಟ್ಟೆ ಬಿಚ್ಚುವ ಮುಂಚೆ ಈ ಪುಟ ಓದಿ’ ಅಂತಿದೆ.

ದೊಡ್ಡಮ್ಮ: ‘ಅವಳಿಗೆ ಹೇಸಿಗೆ ಜಾಸ್ತಿ’ ಅಂತೀವಿ. ‘ಬಲು ನಾಜೂಕು’ ಅಂತೀವಿ. ‘ಮುಖ ಕಿವುಚ್ತಾಳೆ’, ‘ಹೊಟ್ಟೆ ತೊಳಸುತ್ತಂತೆ ಅವಳಿಗೆ’ ಅಂತೀವಿ. ಇನ್ನೇನು ಬೇಕು?

ಹುಡುಗಿ: ಅವೆಲ್ಲ ವಾಕ್ಯ. ನನಗೆ ಬೇಕಾದ್ದು ಒಂದು ಹೆಸರು. ಹೆದರುವವನಿಗೆ ಪುಕ್ಕಲ ಅಂತಿದೆ, ಅಳುವವನಿಗೆ ಅಳುಬುರುಕ, ಸಿಟ್ಟಿನವನಿಗೆ ಮುಂಗೋಪಿ, ತಿನ್ನುವವನಿಗೆ ಹೊಟ್ಟೆಬಾಕ. ಹೇಸುವವನಿಗೆ ಏನೂ ಇಲ್ಲ. ನೆನ್ನೆಯಿಂದ ಹುಡುಕ್ತಿದ್ದೀನಿ. ‘ಹೇಸಿ’ ಅನ್ನೋ ಪದ ಇದೆ, ಆದರೆ ಅದು ಉಲ್ಟಾ.

ದೊಡ್ಡಮ್ಮ: ಹೇಸಿ ಅಂದ್ರೆ ಕೊಳಕು ಮನುಷ್ಯ. ಬೈಗುಳ ಅದು.

ಹುಡುಗಿ: ಅದೇ ನನಗೆ ಆಶ್ಚರ್ಯ. ಹೆದರುವವನು ಹೇಡಿ. ಆದರೆ ಹೇಸುವವನು ಹೇಸಿ ಅಲ್ಲ, ಯಾವನನ್ನ ಕಂಡು ಹೇಸ್ತೀವೋ ಅವನು ಹೇಸಿ. ಹೇಸಿಗೆ ಅನ್ನೋದೂ ಹಾಗೇ. ಒಳಗೆ ಆಗುವ ಭಾವಕ್ಕೂ ಅದೇ ಪದ, ಹೊರಗೆ ಬಿದ್ದಿರೋ ವಸ್ತುವಿಗೂ ಅದೇ. ‘ಮಗು ಹೇಸಿಗೆ ಮಾಡಿಕೊಂಡಿದೆ’ ಅಂದ್ರೆ ಮಗುವಿಗೆ ಹೇಸಿಗೆ ಅನ್ನಿಸಿದೆ ಅಂತ ಅಲ್ಲ ತಾನೆ?

ದೊಡ್ಡಮ್ಮ: (ಕೈ ನಿಲ್ಲಿಸಿ) ಹೌದಲ್ಲ. ನಾನು ಯೋಚನೆ ಮಾಡಿರಲಿಲ್ಲ. ಭಾವ ನನ್ನೊಳಗೆ, ಹೆಸರು ಮಾತ್ರ ಎದುರಿಗಿರೋದರ ಮೇಲೆ.

ಹುಡುಗಿ: ನಾನೇ ಒಂದು ಕಟ್ಟಿದ್ದೀನಿ. ಅಳುಬುರುಕ, ನಿದ್ದೆಬುರುಕ ಇದ್ದ ಹಾಗೆ ಹೇಸುಬುರುಕ.

ದೊಡ್ಡಮ್ಮ: ಬೇಡ. ಬುರುಕ ಅಂದ ತಕ್ಷಣ ಅದು ಬೈಗುಳ. ರಾತ್ರಿ ಎರಡು ಗಂಟೆಗೆ ಮಾವನ ಬಟ್ಟೆ ಬದಲಾಯಿಸೋಕೆ ಎದ್ದಿರೋ ಸೊಸೆ ಅದನ್ನ ಓದ್ತಾಳೆ. ಅವಳನ್ನ ಬುರುಕಿ ಅನ್ನಬೇಕಾ?

ಹುಡುಗಿ: ಬೈಗುಳ ಅಂತ ಯಾಕಾಗಬೇಕು? ಹೇಸುವುದನ್ನ ಕನ್ನಡ ಯಾವತ್ತೂ ತಪ್ಪು ಅಂದಿಲ್ಲ ದೊಡ್ಡಮ್ಮ, ಬೈದಿರೋದು ಹೇಸದವರನ್ನ. ‘ಸುಳ್ಳು ಹೇಳೋಕೂ ಹೇಸದವನು’, ‘ಕೊಲೆಗೂ ಹೇಸದವರು’, ‘ಯಾವುದಕ್ಕೂ ಹೇಸೋದಿಲ್ಲ’. ಪೇಪರಿನಲ್ಲಿ ದಿನಾ ನೋಡ್ತೀವಿ. ಹಳಗನ್ನಡದಲ್ಲಿ ಇದೇ ಪೇಸು. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ಪೇಸು ಹೇಸು ಆಯ್ತು. ಅಕ್ಷರ ಬದಲಾಯ್ತು, ಕೆಲಸ ಬದಲಾಗಲಿಲ್ಲ. ಮೂಗು ಮಾಡೋ ಕೆಲಸವನ್ನ ಮನಸ್ಸಾಕ್ಷಿಗೂ ವಹಿಸಿದೆ ಭಾಷೆ. ಹಾಗಿರುವಾಗ ಬೇಗ ಹೇಸುವವಳು ಅಂದ್ರೆ ಎಚ್ಚರ ಇರುವವಳು ಅಂತಲೇ ಅರ್ಥ ಬರಬೇಕು.

ದೊಡ್ಡಮ್ಮ: ಎಚ್ಚರವಾ? ಹಾಗಾದ್ರೆ ಇಲ್ಲಿ ಬಂದು ಕೂತ್ಕೊ. ಇದನ್ನ ಮೂರು ನೀರಲ್ಲಿ ತೊಳೀಬೇಕು, ಎರಡನೇ ನೀರು ನಿನ್ನದು.

ಹುಡುಗಿ: ಆಗಲ್ಲ ದೊಡ್ಡಮ್ಮ. ನಿಜವಾಗಿ ಆಗಲ್ಲ.

ದೊಡ್ಡಮ್ಮ: ಮಧ್ಯಾಹ್ನ ಬೋಟಿ ಗೊಜ್ಜು, ಮುದ್ದೆ ಇಟ್ಟರೆ?

ಹುಡುಗಿ: ತಿಂತೀನಿ.

ದೊಡ್ಡಮ್ಮ: ನೋಡು, ನಿನ್ನ ಎಚ್ಚರ ಹೊಸ್ತಿಲವರೆಗೆ ಮಾತ್ರ. ತಿನ್ನೋಕೆ ಹೇಸಿಗೆ ಇಲ್ಲ, ತೊಳೆಯೋಕೆ ಇದೆ. ನೀನು ಕಾಲೇಜಲ್ಲಿ ಇದ್ದಾಗ ಒಂದು ನಾಟಕ ಆಡಿದ್ರಲ್ಲ, ನಾನೂ ನಿಮ್ಮಮ್ಮನೂ ಬಂದಿದ್ವಿ, ಹಿಟ್ಟಿನ ಕೋಳಿದು.

ಹುಡುಗಿ: ಕಾರ್ನಾಡರ ‘ಹಿಟ್ಟಿನ ಹುಂಜ’. ಕತೆ ಜನ್ನ ಹೇಳಿದ್ದು, 1209ರ ‘ಯಶೋಧರ ಚರಿತೆ’.

ದೊಡ್ಡಮ್ಮ: ಆ ರಾಜನಿಗೆ ಜೀವದ ಕೋಳಿ ಕಡಿಯೋಕೆ ಮನಸ್ಸಿಲ್ಲ. ತಾಯಿ ಬಿಡಲ್ಲ. ಅದಕ್ಕೆ ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿದ. ರಕ್ತ ಇಲ್ಲ, ಕೈ ಚೊಕ್ಕಟ. ಆದರೂ ಆ ಕೋಳಿ ಕೂಗಿಬಿಡ್ತಲ್ಲ! ನಾನು ಅವತ್ತು ರಾತ್ರಿ ಮಲಗಿ ಅದನ್ನೇ ಯೋಚಿಸ್ತಿದ್ದೆ. ರಕ್ತ ನೋಡಲಾರೆ ಅನ್ನೋರಲ್ಲಿ ಎಷ್ಟೋ ಜನಕ್ಕೆ ಬೇಡವಾಗಿರೋದು ಕಡಿಯೋದಲ್ಲ, ನೋಡೋದು.

ಹುಡುಗಿ ಇದಕ್ಕೆ ಕೂಡಲೆ ಉತ್ತರ ಕೊಡಲಿಲ್ಲ. ಜನ್ನನ ಕಾವ್ಯದಲ್ಲಿ ಸಂಕಲ್ಪ ಮಾಡಿದ್ದೇ ಹಿಂಸೆ. ಆ ಒಂದು ಹಿಟ್ಟಿನ ಕೋಳಿಗಾಗಿ ತಾಯಿ, ಮಗ ಇಬ್ಬರೂ ಎಷ್ಟೋ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ನಮ್ಮ ಸಾಹಿತ್ಯದಲ್ಲಿ ಹೇಸುವ ಮನಸ್ಸಿನ ಬಗ್ಗೆ ಅದಕ್ಕಿಂತ ಕಟುವಾದ ಕತೆ ನನಗೆ ಗೊತ್ತಿಲ್ಲ.

ಹುಡುಗಿ: ಒಪ್ತೀನಿ, ನನ್ನದರಲ್ಲಿ ಆ ಹಿಟ್ಟಿನ ಕೋಳಿ ಇದೆ. ಆದರೆ ಅದರಿಂದ ಹೇಸಿಗೆಯೇ ಸುಳ್ಳು ಅಂತ ಆಗಲ್ಲ. ಅದು ಕಾವಲು. ಜುಗುಪ್ಸೆ ಅನ್ನೋ ಪದ ತಗೊಳ್ಳಿ. ಅದು ಬಂದಿರೋದು ‘ಗುಪ್’ ಅನ್ನೋ ಧಾತುವಿನಿಂದ. ಕಾಪಾಡು, ಮುಚ್ಚಿಡು ಅಂತ ಅರ್ಥ. ಪಾಣಿನಿ ಅದಕ್ಕೇ ಒಂದು ಸೂತ್ರ ಕೊಟ್ಟಿದ್ದಾನೆ. ತನ್ನನ್ನ ಕಾಪಾಡಿಕೊಳ್ಳುವ ಆಸೆಯೇ ಜುಗುಪ್ಸೆ. ಕಣ್ಣಿಗೆ ಕಾಣದ ರೋಗಾಣು ಮೂಗಿಗೆ, ನಾಲಿಗೆಗೆ ಗೊತ್ತಾಗೋದು ಹೀಗೇ. ನಮ್ಮ ಕೋಲಾರದ ಪಕ್ಕ ಚಿತ್ತೂರು ಜಿಲ್ಲೆ ಇದೆಯಲ್ಲ, ಅಲ್ಲಿ 14 ಹಳ್ಳಿಗಳಲ್ಲಿ ಕೈ ತೊಳೆಯೋ ಅಭ್ಯಾಸದ ಬಗ್ಗೆ ಒಂದು ಪ್ರಯೋಗ ಮಾಡಿದ್ರು, 2014ರಲ್ಲಿ ಲ್ಯಾನ್ಸೆಟ್‌ನ ಪತ್ರಿಕೆಯಲ್ಲಿ ಬಂತು. ರೋಗ ಬರುತ್ತೆ ಅಂತ ಭಾಷಣ ಮಾಡಲಿಲ್ಲ. ಕೊಳಕು ಕೈಯಲ್ಲೇ ಲಾಡು ಕಟ್ಟುವ ಒಬ್ಬ ಗಂಡಸು, ಮಗನಿಗೆ ಒಳ್ಳೆ ನಡತೆ ಕಲಿಸುವ ಒಬ್ಬ ತಾಯಿ, ಇಂಥ ಪಾತ್ರ ಮಾಡಿ ತೋರಿಸಿದ್ರು. ಜನ ಹೇಸಿದ್ರು, ತಾಯಂದಿರಲ್ಲಿ ಅಭಿಮಾನವೂ ಎದ್ದಿತು. ಆರು ತಿಂಗಳ ಮೇಲೂ ಅದನ್ನ ತೋರಿಸಿದ ಹಳ್ಳಿಗಳಲ್ಲಿ ಸೋಪು ಹಾಕಿ ಕೈ ತೊಳೆಯೋದು ತೋರಿಸದ ಹಳ್ಳಿಗಳಿಗಿಂತ ಜಾಸ್ತಿ ಇತ್ತು.

ದೊಡ್ಡಮ್ಮ: ಕೈ ತೊಳೆಯೋದಕ್ಕೆ ಸರಿ, ನಾನು ಬೇಡ ಅನ್ನಲ್ಲ. ವಾರ್ಡಿಗೆ ಬಂದವರಿಗೆ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಆದರೆ ಕಾವಲುಗಾರ ಯಾರನ್ನ ಒಳಗೆ ಬಿಡಬೇಕು, ಯಾರನ್ನ ಬಿಡಬಾರದು ಅನ್ನೋದನ್ನ ಹುಟ್ಟಿದಾಗಲೇ ಕಲಿತು ಬಂದಿರ್ತಾನಾ? ಮಗುವಿಗೆ ಏನು ಹೇಸಿಗೆ ಇರುತ್ತೆ? ತನ್ನ ಕಕ್ಕದಲ್ಲಿ ತಾನೇ ಕೈಯಾಡಿಸುತ್ತೆ. ‘ಇಶ್ಶಿ, ಛೀ’ ಅಂತ ನಾವೇ ಮುಖ ಮಾಡಿ ತೋರಿಸ್ತೀವಿ, ಆಮೇಲೆ ಕಲಿಯುತ್ತೆ.

ಹುಡುಗಿ: ಅದು ನಿಜ. ಅಮೆರಿಕದ ಪಾಲ್ ರೋಜಿನ್ ಅನ್ನೋ ಮನಶ್ಶಾಸ್ತ್ರಜ್ಞರು ಜೊತೆಯವರನ್ನ ಸೇರಿಸಿಕೊಂಡು 1986ರಲ್ಲಿ ಪರೀಕ್ಷೆ ಮಾಡಿದ್ರು. ಕಡಲೆಕಾಯಿ ಬೆಣ್ಣೆಗೆ ವಾಸನೆಯ ಚೀಸ್ ಕಲಸಿ, ನಾಯಿಯ ಹೇಸಿಗೆ ಅಂತ ಹೇಳಿ ಸಣ್ಣ ಮಕ್ಕಳ ಮುಂದಿಟ್ಟರು. ಎರಡು ವರ್ಷದ ಒಳಗಿನವರಲ್ಲಿ ಹೆಚ್ಚಿನವರು ತಿಂದೇಬಿಟ್ಟರು.

ದೊಡ್ಡಮ್ಮ: ಅಂದ್ರೆ ನಾವು ಕಲಿಸೋದು. ಇಶ್ಶಿ ಅಂತ ಯಾವುದರ ಮೇಲೆ ಕಲಿಸ್ತೀವಿ? ಮೊದಲು ಕಕ್ಕ, ಆಮೇಲೆ ಎಂಜಲು, ಆಮೇಲೆ ಮುಸುರೆ, ಆಮೇಲೆ ಊರಾಚೆಯ ಕೇರಿ. ಅದೇ ಮುಖ, ಅದೇ ಇಶ್ಶಿ. ಯಾವಾಗ ವಸ್ತುವಿನಿಂದ ಮನುಷ್ಯನಿಗೆ ದಾಟಿತು ಅಂತ ಮಗುವಿಗೆ ಗೊತ್ತೇ ಆಗಲ್ಲ.

ಹುಡುಗಿ: ಡಾರ್ವಿನ್ ಬರೆದಿದ್ದಾನೆ, 1872ರ ಪುಸ್ತಕದಲ್ಲಿ. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದಲ್ಲಿ ಅವನು ಡಬ್ಬಿಯಲ್ಲಿಟ್ಟಿದ್ದ ತಣ್ಣನೆ ಮಾಂಸ ತಿಂತಿದ್ದ. ಅಲ್ಲಿನವನೊಬ್ಬ ಅದನ್ನ ಬೆರಳಲ್ಲಿ ಮುಟ್ಟಿ ನೋಡಿ, ಅದು ಮೆತ್ತಗಿದೆ ಅಂತ ಹೇಸಿದನಂತೆ. ಡಾರ್ವಿನ್ನಿಗೆ ಇವನು ಮುಟ್ಟಿದ ಅಂತ ಹೇಸಿಗೆ. ಅವನ ಕೈ ಕೊಳೆಯಾಗೇನೂ ಕಾಣುತ್ತಿರಲಿಲ್ಲ ಅಂತ ತಾನೇ ಬರೆದಿದ್ದಾನೆ.

ದೊಡ್ಡಮ್ಮ: ಮಾಂಸದ್ದು ಏನೂ ತಪ್ಪಿಲ್ಲ. ಒಂದೇ ತುಂಡು, ಎರಡೂ ಕಡೆಯವರಿಗೆ ಹೇಸಿಗೆ. ಇನ್ನು ನಿನ್ನ ಕಾವಲುಗಾರನನ್ನ ನಂಬೋದು ಹೇಗೆ ಹೇಳು.

ಹುಡುಗಿ: ನಂಬಲೇಬೇಕು ಅನ್ನೋಲ್ಲ. ಆದರೆ ಅವನೇ ಇಲ್ಲದಿದ್ರೆ ‘ಕೊಲೆಗೂ ಹೇಸದವನು’ ಉಳೀತಾನೆ. ಅದು ಬೇಕಾ?

ದೊಡ್ಡಮ್ಮ: ಬೇರೆ ಜಾತಿಯವನನ್ನ ಮದುವೆಯಾದಳು ಅಂತ ಹೆತ್ತ ಮಗಳನ್ನ ಕೊಂದ ಸುದ್ದಿ ಓದ್ತೀವಲ್ಲ. ಕೊಲೆಗೂ ಹೇಸಲಿಲ್ಲ ಅಂತ ಬರೀತಾರೆ. ಅಲ್ಲ ಮಗ, ಅವರು ಹೇಸಿಯೇ ಕೊಂದದ್ದು. ಆ ಹುಡುಗನ ಕೈ ಮಗಳ ಮೈಗೆ ತಾಗಿತು ಅನ್ನೋ ಹೇಸಿಗೆ. ಅದು ಇರದಿದ್ರೆ ಮಗಳು ಬದುಕಿರ್ತಿದ್ದಳು.

ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ ಇತ್ತು. ಅಕ್ಕ ಬೋಟಿಯ ಒಂದೊಂದು ಮಡಿಕೆಯನ್ನೂ ತೆರೆದು ಸುಣ್ಣ ಹಚ್ಚಿ ಉಜ್ಜುತ್ತಿದ್ದಳು. ಕಪ್ಪು ಪೊರೆ ಕಳಚಿ ಒಳಗಿನ ಬಿಳುಪು ಕಾಣಿಸತೊಡಗಿತ್ತು.

ಹುಡುಗಿ: ಹಾಗಾದ್ರೆ ಹೇಸಿಗೆ ಅನ್ನೋದನ್ನ ಬಿಡಿಸಬೇಕು ಅಂತೀರಾ? ಬಲವಂತವಾಗಿ? ಗಾಂಧಿ ಅದನ್ನ ಮಾಡೋಕೆ ಹೋಗಿದ್ರು. ಡರ್ಬನ್‌ನಲ್ಲಿದ್ದಾಗ ಮನೆಯಲ್ಲಿ ಇದ್ದ ಗುಮಾಸ್ತರ ಮೂತ್ರದ ಪಾತ್ರೆಗಳನ್ನ ಗಂಡಹೆಂಡತಿಯೇ ಎತ್ತಬೇಕಿತ್ತು. ಒಬ್ಬ ಗುಮಾಸ್ತನ ತಂದೆತಾಯಿ ಪಂಚಮರು. ಅವನ ಪಾತ್ರೆ ಹಿಡಿದು ಮೆಟ್ಟಿಲಿಳಿಯುವಾಗ ಕಸ್ತೂರ್‌ಬಾ ಕಣ್ಣು ಕೆಂಪಾಗಿತ್ತು, ನೀರು ಹರೀತಿತ್ತು. ಎತ್ತಿದ್ದು ಸಾಲದು, ನಗುನಗುತ್ತಾ ಎತ್ತಬೇಕು ಅಂತ ಗಂಡ ಕಿರುಚಿದ. ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದ. ಆತ್ಮಕತೆಯಲ್ಲಿ ನಾಚಿಕೆಪಟ್ಟು ಬರೆದುಕೊಂಡಿದ್ದಾರೆ. ನನಗೆ ಆ ಪುಟ ಓದಿದಾಗಲೆಲ್ಲ ಕಸ್ತೂರ್‌ಬಾ ಪರವಾಗಿಯೇ ಅಳು ಬರುತ್ತೆ. ಕೆಲಸ ಮಾಡ್ತಾ ಇದ್ದಾಳಲ್ಲ, ಒಳಗೆ ಏನಾಗಬೇಕು ಅಂತಲೂ ಅಪ್ಪಣೆ ಮಾಡೋದಾ?

ದೊಡ್ಡಮ್ಮ: ಅದು ತಪ್ಪು. ಮುಖದ ಮೇಲೆ ನಗು ಬರಬೇಕು ಅಂತ ಹೊಡೆದು ಕಲಿಸೋಕಾಗಲ್ಲ. ಆದರೆ ಆ ಪಾತ್ರೆಯನ್ನ ಅಷ್ಟು ವರ್ಷ ಅಳ್ತಾರಾ ಅಂತಲೂ ಕೇಳದೆ ಯಾರ ಕೈಲಿ ಎತ್ತಿಸ್ತಿದ್ವಿ, ಅದನ್ನೂ ಹೇಳು. 2010ರಲ್ಲಿ ಸವಣೂರಲ್ಲಿ ಭಂಗಿ ಸಮಾಜದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡ್ರಲ್ಲ, ಟಿವಿಯಲ್ಲಿ ತೋರಿಸಿದ್ರು. ನಾವು ಊಟಕ್ಕೆ ಕೂತಿದ್ವಿ. ಯಾರೋ ‘ಥೂ, ಚಾನೆಲ್ ಬದಲಾಯಿಸು’ ಅಂದ್ರು. ತಲೆತಲಾಂತರದಿಂದ ಅವರ ತಲೆ ಮೇಲೆ ಹೊರಿಸಿದ್ದಕ್ಕೆ ಹೇಸಲಿಲ್ಲ, ಅದನ್ನ ಅವರೇ ನಮ್ಮ ಕಣ್ಣಿಗೆ ಕಾಣೋ ಹಾಗೆ ಸುರಿದುಕೊಂಡಾಗ ಹೇಸಿದ್ವಿ.

ಹುಡುಗಿ: ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದವರು. ಅವರ ಮನೆಯವರೂ ಅದೇ ಕೆಲಸ ಮಾಡ್ತಿದ್ರು. ಆ ಪದ್ಧತಿಯನ್ನ ನಿಲ್ಲಿಸೋಕೆ ಜೀವಮಾನ ಇಟ್ಟರು, 2016ರಲ್ಲಿ ಮ್ಯಾಗ್ಸೆಸೆ ಬಂತು. ಕಾನೂನು 1993ರಲ್ಲಿ ಒಂದು, 2013ರಲ್ಲಿ ಒಂದು. ಇದನ್ನೇ ನಾನೂ ಹೇಳೋದು ದೊಡ್ಡಮ್ಮ. ಆ ಕೆಲಸ ಮಾಡುವವರಿಗೂ ಹೇಸುವ ಹಕ್ಕಿದೆ. ‘ಅವರಿಗೆ ಅಭ್ಯಾಸ, ಅವರಿಗೇನೂ ಅನ್ನಿಸಲ್ಲ’ ಅಂತ ನಾವು ಅಂದುಕೊಂಡದ್ದೇ ಮೊದಲ ಅನ್ಯಾಯ. ಹೇಸಿಗೆ ಇರಬಾರದು ಅನ್ನೋದಕ್ಕಿಂತ ಎಲ್ಲರಿಗೂ ಇದೆ ಅಂತ ಒಪ್ಪಿಕೊಳ್ಳೋದು ದೊಡ್ಡದು.

ದೊಡ್ಡಮ್ಮ: ಆ ಮಾತು ಸರಿ. ನಮ್ಮನ್ನೂ ಹಾಗೇ ಅಂತಿದ್ರು. ‘ಸಿಸ್ಟರ್‌ಗೇನು, ದಿನಾ ನೋಡಿ ಅಭ್ಯಾಸ’ ಅಂತ. ಅಭ್ಯಾಸ ಆಗಲ್ಲ ಕಣೆ. ಮಾಸ್ಕಿನ ಒಳಗೆ ಒಂದಿಷ್ಟು ವಿಕ್ಸ್ ಹಚ್ಚಿಕೊಂಡು ಒಳಗೆ ಹೋಗ್ತಿದ್ವಿ. ಸಕ್ಕರೆ ಕಾಯಿಲೆಯ ಒಬ್ಬ ಮುದುಕ ಬಂದಿದ್ದ, ರೈತ. ಕಾಲು ಕೊಳೆತು ಹುಳು ಬಿದ್ದಿತ್ತು. ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಇಟ್ಟರೆ ಹುಳು ಮೇಲಕ್ಕೆ ಬರುತ್ತೆ, ಒಂದೊಂದೇ ಚಿಮುಟದಲ್ಲಿ ಹಿಡಿದು ತೆಗೀಬೇಕು. ಅವನು ಕಾಲನ್ನ ನೋಡ್ತಾನೇ ಇರಲಿಲ್ಲ. ನನ್ನ ಮುಖ ನೋಡ್ತಿದ್ದ. ಹುಬ್ಬು ಗಂಟಿಕ್ಕುತ್ತಾ, ಮೂಗು ಅರಳುತ್ತಾ ಅಂತ. ಕೊನೆಗೆ ಕೇಳಿದ, ‘ವಾಸನೆ ಬತ್ತದಾ ತಾಯಿ?’

ಹುಡುಗಿ: ಏನಂದ್ರಿ?

ದೊಡ್ಡಮ್ಮ: ‘ಬರುತ್ತೆ. ತೊಳೆದರೆ ಹೋಗುತ್ತೆ’ ಅಂದೆ. ಇಲ್ಲ ಅಂದಿದ್ರೆ ಅವನಿಗೆ ಸುಳ್ಳು ಅಂತ ಗೊತ್ತಾಗ್ತಿತ್ತು. ಮನೇಲಿ ಅವನ ತಟ್ಟೆಯನ್ನ ಬಾಗಿಲ ಹತ್ತಿರ ಇಟ್ಟು ತಳ್ತಿದ್ರಂತೆ. ಅವತ್ತು ನನ್ನೆದುರಿಗೆ ಊಟ ಮಾಡಿದ. ನಾನು ಡ್ಯೂಟಿ ಮುಗಿಸಿ ಹಿಂದಿನ ವರಾಂಡಕ್ಕೆ ಹೋಗಿ ವಾಂತಿ ಮಾಡಿಕೊಂಡೆ. 20 ವರ್ಷ ಸರ್ವಿಸ್ ಆಗಿತ್ತು ಆಗ.

ಇದನ್ನು ನಾನು ಅಕ್ಕನ ಬಾಯಲ್ಲಿ ಮೊದಲ ಸಲ ಕೇಳಿದ್ದು. ಅವಳಿಗೆ ಹೇಸಿಗೆಯೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಹಾಗೆ ನಂಬಿದ್ದರಿಂದಲೇ ಅಮ್ಮನಿಗೆ ಲಕ್ವ ಹೊಡೆದ ಮೇಲಿನ ಏಳು ತಿಂಗಳು ಬೆನ್ನಿನ ಹುಣ್ಣು, ಬಟ್ಟೆ, ಬೆಡ್‌ಪ್ಯಾನ್ ಎಲ್ಲವನ್ನೂ ಅವಳಿಗೇ ಬಿಟ್ಟಿದ್ದೆವು. ನಾನು ಬಾಗಿಲಲ್ಲಿ ನಿಂತು ಬಿಸಿನೀರಿನ ಬೇಸಿನ್ನು ಕೊಡುತ್ತಿದ್ದೆ. ಒಳಗೆ ಹೋಗಲಿಲ್ಲ.

ಹುಡುಗಿ: ಇಷ್ಟಾದ ಮೇಲೂ ಹೇಸಿಗೆಯನ್ನ ಬೇಡ ಅಂತೀರಾ? ವಾಂತಿ ಮಾಡಿಕೊಂಡ ನಿಮ್ಮ ಎದುರಿಗೇ ಅವನು ಊಟ ಮಾಡಿದ್ದು.

ದೊಡ್ಡಮ್ಮ: ಬೇಡ ಅಂತ ಯಾವಾಗ ಅಂದೆ? ಅದರ ಮಾತು ಕೇಳಬೇಡ ಅಂದೆ. ನಿಜ ಹೇಳ್ತೀನಿ, ಟ್ರೈನಿಂಗಿಗೆ ಬರೋ ಹುಡುಗಿಯರಲ್ಲಿ ಮೊದಲ ದಿನ ತಲೆ ಸುತ್ತಿ ಬಿದ್ದವಳನ್ನ ನಾನು ಬಯ್ತಿರಲಿಲ್ಲ. ಅಂಥವರಲ್ಲಿ ಒಳ್ಳೆ ನರ್ಸ್‌ಗಳಾದವರನ್ನ ಕಂಡಿದ್ದೀನಿ. ಏನೂ ಅನ್ನಿಸದವಳು ಒಬ್ಬಳಿದ್ದಳು. ಕೀವಾಗಲಿ, ರಕ್ತವಾಗಲಿ, ಕಣ್ಣು ಮಿಟುಕಿಸ್ತಿರಲಿಲ್ಲ. ನಾವೆಲ್ಲ ಅವಳನ್ನ ಕಂಡು ಬೆರಗಾಗಿದ್ವಿ. ಆದರೆ ಅವಳ ಕೈ ಒರಟು. ಅಂಟಿದ ಗಾಜ್ ಬಟ್ಟೆಯನ್ನ ಸಲೈನ್ ಹಾಕಿ ನೆನೆಸದೆ ಕಿತ್ತುಬಿಡ್ತಿದ್ದಳು. ಅವಳಿಗೆ ಏನೂ ಆಗಲ್ಲವಲ್ಲ, ರೋಗಿಗೂ ಏನೂ ಆಗಲ್ಲ ಅಂದುಕೊಂಡಿದ್ದಳೋ ಏನೋ.

ಹುಡುಗಿ: ಹಾಂ! ದೊಡ್ಡಮ್ಮ, ಘೃಣೆ ಅಂತ ಪದ ಇದೆಯಲ್ಲ, ಅಸಹ್ಯಕ್ಕೆ. ಸಂಸ್ಕೃತದಲ್ಲಿ ಅದೇ ಪದಕ್ಕೆ ಕರುಣೆ ಅಂತಲೂ ಅರ್ಥ ಇದೆ. ಅದಕ್ಕೇ ನಿರ್ಘೃಣ ಅಂದ್ರೆ ದಯೆ ಇಲ್ಲದವನು. ನೀವು ಹೇಳಿದವಳು ಅಕ್ಷರಶಃ ನಿರ್ಘೃಣ. ಎರಡೂ ಒಂದೇ ಮೆದುವಾದ ಜಾಗದಿಂದ ಬರುತ್ತೆ. ಇನ್ನೊಬ್ಬರ ಮೈಯಲ್ಲಿ ಆದದ್ದು ನನ್ನ ಮೈಯಲ್ಲೂ ಆಗುತ್ತೆ, ಅದಕ್ಕೆ ಮೈ ಹಿಂದೆ ಸರಿಯುತ್ತೆ. ಅದಕ್ಕೇ ಕೈ ಮುಂದೆ ಹೋಗುತ್ತೆ.

ದೊಡ್ಡಮ್ಮ: ಪದದಲ್ಲಿ ಎರಡೂ ಒಟ್ಟಿಗಿರಬಹುದು. ವಾರ್ಡಿನಲ್ಲಿ ಹಾಗಿರಲ್ಲ. ಒಂದು ನಿನ್ನನ್ನ ಬಾಗಿಲಿಂದ ಆಚೆ ಕಳಿಸುತ್ತೆ, ಒಂದು ಒಳಗೆ ಕರೆಯುತ್ತೆ. ಕರುಣೆ ಇದೆ ಅಂತ ಆಚೆಯೇ ನಿಂತವರನ್ನ ಬಹಳ ನೋಡಿದ್ದೀನಿ. ‘ಅಯ್ಯೋ, ನನ್ನ ಕೈಲಿ ನೋಡೋಕಾಗಲ್ಲ, ನನ್ನ ಮನಸ್ಸು ತುಂಬ ಸೂಕ್ಷ್ಮ’ ಅಂತ ಕಿತ್ತಲೆ ಹಣ್ಣು ಕೊಟ್ಟು ಹೋಗೋರು.

ಅವಳು ನನ್ನ ಕಡೆ ನೋಡಿ ಹೇಳಲಿಲ್ಲ. ಆದರೂ ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ಉಳಿಯಿತು.

ಹುಡುಗಿ: ಭರತ ‘ನಾಟ್ಯಶಾಸ್ತ್ರ’ದಲ್ಲಿ ಬೀಭತ್ಸವನ್ನ ಎಂಟು ರಸಗಳಲ್ಲಿ ಒಂದಾಗಿ ಇಟ್ಟ. ರಕ್ತ ನೋಡಿ ಆಗೋದು ಒಂದು ಬಗೆ, ಮಲ, ಹುಳ ನೋಡಿ ಆಗೋದು ಇನ್ನೊಂದು ಬಗೆ ಅಂತ ವಿಂಗಡಿಸಿದ. ಬಣ್ಣ ನೀಲಿ, ದೇವತೆ ಮಹಾಕಾಲ. ಆದರೆ ಜುಗುಪ್ಸೆ ಯಾರ ಸ್ವಭಾವ ಅಂದಾಗ ಹೆಂಗಸರದ್ದು, ನೀಚರದ್ದು ಅಂದುಬಿಟ್ಟ.

ದೊಡ್ಡಮ್ಮ: ಯಾರದ್ದು?

ಹುಡುಗಿ: ಹೆಂಗಸರದ್ದು ಮತ್ತು ಕೆಳಗಿನವರದ್ದು. ದೊಡ್ಡ ಪಾತ್ರಗಳು ಹೇಸಬಾರದು ಅಂತ.

ದೊಡ್ಡಮ್ಮ: ಅವನು ಯಾವ ಮನೆ ನೋಡಿ ಬರೆದನೋ! ಮಕ್ಕಳ ಕಕ್ಕ ತೊಳೆಯೋರು ಯಾರು, ಹೆಣ ತೊಳೆಯೋರು ಯಾರು, ಚರಂಡಿಗೆ ಇಳಿಯೋರು ಯಾರು? ಹೆಂಗಸರು, ಕೆಳಗೆ ಇಡಿಸಿಕೊಂಡವರು. ಮೂಗು ಮುಚ್ಚಿಕೊಂಡು ದೂರ ನಿಲ್ಲೋದು ದೊಡ್ಡ ಪಾತ್ರಗಳೇ.

ಹುಡುಗಿ: ಬಹುಶಃ ಅವನು ಹೇಳಿದ್ದು ತೋರಿಸಿಕೊಳ್ಳೋದರ ಬಗ್ಗೆ. ದೊಡ್ಡವನು ಮುಖ ಕಿವುಚಬೇಕಾದ ಸಂದರ್ಭವೇ ಬರದ ಹಾಗೆ ಸುತ್ತ ಎಲ್ಲ ತೊಳೆದಿಟ್ಟಿರ್ತಾರೆ. ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯ ವರ್ಷಗಟ್ಟಲೆ ಕಾಯಿಲೆಯ ಹೆಂಡತಿಯ ಸೇವೆ ಮಾಡ್ತಾನೆ. ಅವನಿಗೆ ಹೇಸಿಗೆಯೇ ಇಲ್ಲ, ಅದು ಅವನ ತಪಸ್ಸು. ಚಂದ್ರಿ ಅನ್ನೋ ಇನ್ನೊಬ್ಬ ಹೆಂಗಸಿನ ಜೊತೆ ಇದ್ದು ಬಂದ ಮೇಲೆ ಮೊದಲ ಸಲ ಹೆಂಡತಿಯ ಮೈಯ ವಿಕಾರ ಅವನ ಕಣ್ಣಿಗೆ ಬೀಳುತ್ತೆ, ಹೇಸ್ತಾನೆ. ಮೊದಲ ಸಲ ಓದಿದಾಗ ಕ್ರೂರಿ ಅನ್ನಿಸಿದ. ಈಗ ಅನ್ನಿಸುತ್ತೆ, ಅವತ್ತೇ ಅವನು ಅವಳನ್ನ ಒಬ್ಬ ಹೆಂಗಸು ಅಂತ ನೋಡಿದ್ದು. ಅದಕ್ಕೆ ಮುಂಚೆ ಅವಳು ಅವನ ಪುಣ್ಯದ ಗಂಟು.

ದೊಡ್ಡಮ್ಮ: ನೋಡಿದ, ಹೇಸಿದ. ಆಮೇಲೆ ಅವಳ ಮೈ ತೊಳೆದನಾ?

ಹುಡುಗಿ: ಅವಳು ಪ್ಲೇಗಿನಲ್ಲಿ ಸತ್ತುಹೋಗ್ತಾಳೆ.

ದೊಡ್ಡಮ್ಮ: ಹಾಗಾದ್ರೆ ಅವಳ ಬಗ್ಗೆ ನನಗೆ ಇನ್ನೂ ಸಂಕಟ ಆಗುತ್ತೆ. ಸಾಯುವ ಮುಂಚೆ ಗಂಡನ ಮುಖದಲ್ಲಿ ಅದನ್ನ ಕಂಡಳೋ ಏನೋ. ರೋಗಿಗಳು ಮುಖ ಓದೋದರಲ್ಲಿ ಬಲು ಚುರುಕು. (ನೀರು ಬಗ್ಗಿಸಿ) ಬಾಬಾ ಆಮ್ಟೆಯವರ ಕತೆ ನಮ್ಮ ಟ್ರೈನಿಂಗಿನಲ್ಲಿ ಹೇಳ್ತಿದ್ರು. ಅವರು ವರೋರಾದಲ್ಲಿ ಜಾಡಮಾಲಿಗಳ ಜೊತೆ ತಲೆ ಮೇಲೆ ಮಲ ಹೊತ್ತವರು. ಹೇಸಿಗೆ ಗೆದ್ದೆ ಅಂದುಕೊಂಡಿದ್ರು. ಒಂದು ರಾತ್ರಿ ಮಳೆಯಲ್ಲಿ ದಾರಿ ಬದಿ ಕುಷ್ಠದವನೊಬ್ಬ ಬಿದ್ದಿದ್ದ, ಬೆರಳಿಲ್ಲ, ಮೈಯೆಲ್ಲ ಹುಳು. ಓಡಿಬಿಟ್ಟರಂತೆ. ಆಮೇಲೆ ನಾಚಿಕೆಯಾಗಿ ವಾಪಸ್ ಬಂದು, ಅವನಿಗೆ ಮರೆ ಕಟ್ಟಿ, ಸಾಯೋವರೆಗೆ ನೋಡಿಕೊಂಡ್ರು. ಆನಂದವನ ಶುರುವಾದದ್ದು ಅಲ್ಲಿಂದ. ನನಗೆ ಆ ಕತೆಯಲ್ಲಿ ಇಷ್ಟ ಆಗೋದು ಓಡಿದ್ದು. ಓಡದೇ ಇದ್ದವರ ಕತೆ ಹೇಳಿದ್ರೆ ನನ್ನಂಥವಳಿಗೆ ಧೈರ್ಯ ಬರ್ತಿರಲಿಲ್ಲ.

ಹುಡುಗಿ: ಅದನ್ನೇ ಕೈಪಿಡಿಯ ಮೊದಲಲ್ಲಿ ಹಾಕಬೇಕು ಅನ್ನಿಸ್ತಿದೆ. ಆದರೆ ಮೂಲದಲ್ಲಿ ಇಲ್ಲವಲ್ಲ.

ದೊಡ್ಡಮ್ಮ: ಈಗ ಆ ಸಾಲಿಗೆ ಏನು ಬರೆದೆ, ಓದು.

ಹುಡುಗಿ: ‘ಬೇಗ ಹೇಸಿಗೆಪಡುವ ಸ್ವಭಾವದವರು ಗಾಯದ ಬಟ್ಟೆ ಬಿಚ್ಚುವ ಮುಂಚೆ ಈ ಪುಟ ಓದಬೇಕು. ಸಾಧ್ಯವೇ ಇಲ್ಲ ಎನಿಸಿದರೆ ಬೇರೆಯವರ ನೆರವು ಪಡೆಯಬಹುದು.’

ದೊಡ್ಡಮ್ಮ: ಸ್ವಭಾವದವರು ಅನ್ನೋದು ತೆಗಿ. ‘ನಿಮಗೆ ಹೇಸಿಗೆಯಾಗಬಹುದು. ಎಲ್ಲರಿಗೂ ಆಗುತ್ತದೆ’ ಅಂತ ಬರಿ. ಅದನ್ನ ಒಂದು ಜನದ ಗುಣ ಮಾಡಿಬಿಟ್ಟರೆ ಏನಾಗುತ್ತೆ ಗೊತ್ತಾ? ಮನೇಲಿ ನಾಲ್ಕು ಜನ ಇರ್ತಾರೆ, ಮೂವರು ‘ನಾವು ಆ ಸ್ವಭಾವದವರು’ ಅಂತ ಕೈ ತೊಳೆದುಕೊಳ್ತಾರೆ. ಉಳಿದವಳಿಗೆ ಹೇಸಿಗೆಯೇ ಇಲ್ಲ ಅಂತಾಗುತ್ತೆ. ಕನ್ನಡದಲ್ಲಿ ಆ ಹೆಸರು ಇಲ್ಲದಿದ್ದದ್ದೇ ಒಳ್ಳೇದಾಯ್ತು.

ಹುಡುಗಿ: ಆದರೆ ಕೆಲವರಿಗೆ ನಿಜವಾಗಿಯೂ ಆಗಲ್ಲ ದೊಡ್ಡಮ್ಮ. ರಕ್ತ ಕಂಡರೆ ತಲೆ ಸುತ್ತಿ ಬೀಳ್ತಾರೆ, ಅದು ಸೋಗಲ್ಲ. ಎಲ್ಲರಿಗೂ ಆಗುತ್ತೆ ಅಂತ ಬರೆದರೆ ಅವರು ತಮ್ಮನ್ನೇ ಹಳಿದುಕೊಳ್ತಾರೆ, ಎಲ್ಲರೂ ತಡೆದುಕೊಂಡಿದ್ದು ನನಗೆ ಮಾತ್ರ ಆಗಲಿಲ್ಲ ಅಂತ. ಹೆಸರಿದ್ರೆ ಅವರಿಗೆ ಒಂದು ಆಸರೆ. ‘ನಾನು ಇಂಥವಳು, ನನ್ನ ಕೈಲಿ ಆಗಲ್ಲ, ಬೇರೆ ಏನು ಮಾಡಲಿ’ ಅಂತ ಕೇಳಬಹುದು. ಹೆಸರಿಲ್ಲದೆ ಇದ್ರೆ ಬಾಗಿಲಲ್ಲಿ ಸುಮ್ಮನೆ ನಿಂತಿರಬೇಕಾಗುತ್ತೆ.

ದೊಡ್ಡಮ್ಮ: (ತಡೆದು) ನಿಮ್ಮಮ್ಮ ಸುಮ್ಮನೆ ನಿಂತಿರಲಿಲ್ಲ. ಏಳು ತಿಂಗಳು ಒಂದು ದಿನವೂ ತಣ್ಣೀರು ಕೊಡಲಿಲ್ಲ ಅವಳು. ಬೇಸಿನ್ನು ಬದಲಾಯಿಸಿ ಬದಲಾಯಿಸಿ ಕೊಡ್ತಿದ್ದಳು.

ಹುಡುಗಿ: ಅದನ್ನ ನೀವು ಅವಳಿಗೆ ಹೇಳಿದ್ರಾ?

ದೊಡ್ಡಮ್ಮ: ಆಗ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ‘ಬೇರೆಯವರ ನೆರವು’ ಅಂತ ಬರೆದಿದ್ದೀಯಲ್ಲ, ಆ ಬೇರೆಯವರು ಯಾರು?

ಹುಡುಗಿ: ಮೂಲದಲ್ಲಿ ಹೇಳಿಲ್ಲ.

ದೊಡ್ಡಮ್ಮ: ಅದನ್ನ ಕೇಳಿ ಬರಿ. ದುಡ್ಡು ಕೊಟ್ಟು ಕರೆಸೋ ಹೆಂಗಸಾದ್ರೆ ಅವಳಿಗೂ ಆ ಪುಟ ಓದಿ ಹೇಳಿ ಅಂತ ಸೇರಿಸು.

ಹುಡುಗಿ: ನಾಳೆ ಬೆಳಿಗ್ಗೆ ಕಳಿಸಬೇಕು. ನಿಮ್ಮ ಸಾಲು, ನನ್ನ ಸಾಲು ಎರಡನ್ನೂ ಬರೆದಿಟ್ಟಿರ್ತೀನಿ. ಅವರು ಯಾವುದನ್ನ ಉಳಿಸ್ತಾರೋ ಗೊತ್ತಿಲ್ಲ.

ದೊಡ್ಡಮ್ಮ: ಬರೆದಿಡು. ಮೂರನೇ ನೀರಿಗೆ ಹಂಡೆಯಲ್ಲಿ ಬಿಸಿ ಇದೆಯಾ ನೋಡು.

ಹುಡುಗಿ ಏಳುವ ಮೊದಲೇ ನಾನು ಎದ್ದು ಚೊಂಬು ತೆಗೆದುಕೊಂಡೆ. ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು.